ಸಾಕುನಾಯಿಯ ಮೈಶುದ್ಧಿ: ಆರೋಗ್ಯದೃಷ್ಟಿಯಿಂದ ಒಂದು ವಿವೇಚನೆ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 950ರ ಸುಮಾರಿನ ಶಾಸನವೊಂದು ಕಾಳಿ ಎಂಬ ಬೇಟೆನಾಯಿಯ ಸ್ಮಾರಕವಾಗಿದೆ. ಒಡೆಯನು ಮೆಚ್ಚಿ ವರ ನೀಡಲು ಮುಂದಾದಾಗ ಮಣಲೇರನೆಂಬ ವೀರನು ಈ ನಾಯಿಯನ್ನು ಕೇಳಿ ಪಡೆದನು. ಅದು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಮಡಿಯಲು, ಅದರ ನೆನಪಿಗೆ ಕಲ್ಲು ನಿಲ್ಲಿಸಲಾಯಿತು. ನಾಯಿಯನ್ನು ಇಷ್ಟು ಗೌರವಿಸಿದ ಈ ಸೀಮೆಯಲ್ಲಿಯೇ, ಅದನ್ನು ಸಾಕುವುದೆಂದರೆ ಮಿಕ್ಕ ಅನ್ನವನ್ನು ಹಾಕುವುದೆಂದಷ್ಟೇ ಭಾವಿಸುವವರು ಇಂದಿಗೂ ಉಂಟು. ಮೈ ಬಾಚುವುದು, ತೊಳೆಯುವುದು ಇವು ಪಟ್ಟಣದವರ ಷೋಕಿ ಎಂಬುದು ಅವರ ಎಣಿಕೆ. ವಾಸ್ತವವಾಗಿ ಮೈಶುದ್ಧಿಯು ಅಲಂಕಾರವಲ್ಲ. ಅದು ಪ್ರತಿದಿನದ ಪರೀಕ್ಷೆ. ಮಾತಿಲ್ಲದ ಪ್ರಾಣಿಯ ರೋಗವನ್ನು ಮೊದಲು ಕಂಡುಹಿಡಿಯುವುದು ಒಡೆಯನ ಕೈಬೆರಳುಗಳೇ.

ಪ್ರದೇಶಕ್ಕೆ ತಕ್ಕಂತೆ ಈ ಪರೀಕ್ಷೆಯ ಸ್ವರೂಪವೂ ಬೇರೆಯಾಗುವುದು. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ನೀರಾವರಿ ಭಾಗಗಳಲ್ಲಿ ನಾಯಿಯು ಗದ್ದೆ, ನಾಲೆಗಳಲ್ಲಿ ಓಡಾಡಿ ಸದಾ ಒದ್ದೆಯಾಗುತ್ತದೆ. ತೇವವು ಕಿವಿಯೊಳಗೂ ಬೆರಳುಗಳ ಸಂದಿನಲ್ಲಿಯೂ ನಿಂತರೆ ಬೂಷ್ಟು ಮತ್ತು ಸೂಕ್ಷ್ಮಾಣುಗಳು ಬೆಳೆದು ದುರ್ವಾಸನೆ, ತುರಿಕೆ, ಕೀವು ಉಂಟಾಗುವುವು. ಇಲ್ಲಿ ಮುಖ್ಯವಾದುದು ತೊಳೆಯುವುದಲ್ಲ, ಒರೆಸಿ ಒಣಗಿಸುವುದು. ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಬೆದ್ದಲು ಹೊಲಗಳಲ್ಲಾದರೋ ಧೂಳು, ಉತ್ತರಾಣಿಯ ಮುಳ್ಳುಕಾಯಿ ಮತ್ತು ಹುಲ್ಲಿನ ಮೊನೆಗಳು ಕೂದಲಿಗೆ ಅಂಟಿ ಚರ್ಮವನ್ನು ಚುಚ್ಚುತ್ತವೆ. ಇಲ್ಲಿ ಬಾಚಣಿಗೆಯೇ ಪ್ರಧಾನ ಸಾಧನ. ಹೊಲದಿಂದ ಬಂದೊಡನೆ ಕಿವಿ, ಕಂಕುಳು, ಬೆರಳಸಂದುಗಳನ್ನು ನೋಡತಕ್ಕದ್ದು.

ನಾಲ್ಕೂ ತಾಲ್ಲೂಕುಗಳಿಗೆ ಸಮಾನವಾದ ಶತ್ರುವೆಂದರೆ ಉಣ್ಣಿ ಅಥವಾ ಉಣುಗು. ಕಂದುಬಣ್ಣದ ನಾಯಿ ಉಣ್ಣಿಯ ಜೀವನಕ್ರಮವನ್ನು ಅರಿಯದೆ ಅದನ್ನು ನಿವಾರಿಸುವುದು ಅಸಾಧ್ಯ. ಹೆಣ್ಣು ಉಣ್ಣಿಯು ರಕ್ತವನ್ನು ಹೀರಿ ಉಬ್ಬಿ ನೆಲಕ್ಕುದುರಿ, ಗೋಡೆಯ ಬಿರುಕಿನಲ್ಲಿಯೋ ಚಾವಣಿಯ ಸಂದಿನಲ್ಲಿಯೋ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡೆದ ಮರಿಗೆ 6 ಕಾಲುಗಳು. ಮುಂದಿನ ಹಂತದಲ್ಲಿಯೂ ಬೆಳೆದ ಉಣ್ಣಿಯಲ್ಲಿಯೂ 8 ಕಾಲುಗಳು. ಪ್ರತಿಯೊಂದು ಹಂತದಲ್ಲಿಯೂ ಅದು ನಾಯಿಯ ಮೈಯೇರಿ ರಕ್ತ ಕುಡಿದು, ಮತ್ತೆ ಕೆಳಗಿಳಿಯುತ್ತದೆ. ಆದುದರಿಂದ ಅದರ ಆಯುಸ್ಸಿನ ಬಹುಭಾಗವು ನಾಯಿಯ ಮೇಲಲ್ಲ, ನಾಯಿ ಮಲಗುವ ಎಡೆಯಲ್ಲಿ ಕಳೆಯುತ್ತದೆ. ಬೆಳೆದ ಉಣ್ಣಿಯು ಆಹಾರವಿಲ್ಲದೆಯೇ ತಿಂಗಳುಗಟ್ಟಲೆ ಕಾದಿರಬಲ್ಲದು. ನಾಯಿಯನ್ನು ಮಾತ್ರ ತೊಳೆದು ಅದರ ಗೋಣಿತಾಟನ್ನೂ ಜಗುಲಿಯ ಬಿರುಕನ್ನೂ ಹಾಗೆಯೇ ಬಿಟ್ಟವನ ಶ್ರಮವು ವ್ಯರ್ಥವಾಗುವುದಕ್ಕೆ ಇದೇ ಕಾರಣ. ಹಾಸನ್ನು ಆಗಾಗ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಬಿರುಕುಗಳನ್ನು ಮುಚ್ಚಬೇಕು.

ಉಣ್ಣಿಯ ಅಪಾಯವು ರಕ್ತಹಾನಿಯಲ್ಲಿಗೆ ಮುಗಿಯುವುದಿಲ್ಲ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿಯು ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಏಕಕೋಶಜೀವಿಯೊಂದನ್ನು ಗುರುತಿಸಿದನು. ಇಂದು ಅದಕ್ಕೆ ಬೆಬೇಸಿಯ ಗಿಬ್ಸೋನಿ ಎಂದು ಹೆಸರು. ಅದೂ, ಎರ್ಲಿಕಿಯ ಎಂಬ ಸೂಕ್ಷ್ಮಾಣುವೂ ಉಣ್ಣಿಗಳ ಮೂಲಕ ಹರಡುತ್ತವೆ. ಜ್ವರ, ಆಹಾರದಲ್ಲಿ ಅರುಚಿ, ಒಸಡು ಬಿಳಿಚುವಿಕೆ, ಕೆಲವೊಮ್ಮೆ ಮೂಗಿನಿಂದ ರಕ್ತ: ಇವು ಕಂಡಲ್ಲಿ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಬಾಯನ್ನು ತೆರೆದು ನೋಡುವ ಅಭ್ಯಾಸವಿಲ್ಲದವನಿಗೆ ಒಸಡಿನ ಬಣ್ಣ ತಿಳಿಯುವ ಬಗೆ ಹೇಗೆ?

ಉಣ್ಣಿಯನ್ನು ಕೀಳುವಾಗ ಚಿಮಟದಿಂದ ಚರ್ಮದ ಸಮೀಪದಲ್ಲಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು, ಬೆರಳಿನಲ್ಲಿ ಹಿಸುಕಬಾರದು. ಸೀಮೆಎಣ್ಣೆ, ಫಿನಾಯಿಲು, ಬೆಳೆಗೆ ಹೊಡೆಯುವ ಕೀಟನಾಶಕ ಇವನ್ನು ಮೈಗೆ ಹಚ್ಚುವುದು ಅತ್ಯಂತ ಅಪಾಯಕರ. ವಿಷವು ಚರ್ಮದ ಮೂಲಕವೂ, ನಾಯಿಯು ತನ್ನ ಮೈಯನ್ನು ತಾನೇ ನೆಕ್ಕುವುದರಿಂದಲೂ ದೇಹವನ್ನು ಸೇರುತ್ತದೆ. ಜೊಲ್ಲು ಸುರಿಸಿ ನಡುಗತೊಡಗಿದ ನಾಯಿಯು ಉಣ್ಣಿಯಿಂದಲ್ಲ, ಒಡೆಯನ ಔಷಧದಿಂದಲೇ ಸಾಯುವ ಸಂಭವವುಂಟು. ಉಣ್ಣಿಯ ಔಷಧವನ್ನು ನಾಯಿಯ ತೂಕಕ್ಕನುಸಾರವಾಗಿ ಪಶುವೈದ್ಯರೇ ನಿರ್ಧರಿಸಬೇಕು.

ಸ್ನಾನವನ್ನು ಕುರಿತು ಒಂದು ಮಾತು. ನಾಯಿಯ ಹೊರಚರ್ಮವು ಮನುಷ್ಯನದಕ್ಕಿಂತ ತೆಳುವು; ಮೇಲಿಂದ ಮೇಲೆ ಸಾಬೂನು ಹಾಕಿದರೆ ಸಹಜವಾದ ಜಿಡ್ಡು ಹೋಗಿ ಚರ್ಮವು ಒಣಗುವುದು. ಆರೋಗ್ಯವಂತ ನಾಯಿಗೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸ್ನಾನ ಸಾಕು. ಬಾಚುವುದು ಮಾತ್ರ ನಿತ್ಯವೂ ನಡೆಯಲಿ. ಬೀದಿಯಲ್ಲಿ ಓಡಾಡುವ ನಾಯಿಯ ಉಗುರು ತಾನೇ ಸವೆಯುತ್ತದೆ. ಕಟ್ಟಿಹಾಕಿದ ನಾಯಿಯದು ಬೆಳೆದು ನಡಿಗೆಯನ್ನು ಕೆಡಿಸುತ್ತದೆ. ಉಗುರಿನೊಳಗೆ ರಕ್ತನಾಳವಿರುವುದರಿಂದ ತುದಿಯನ್ನಷ್ಟೇ ಕತ್ತರಿಸತಕ್ಕದ್ದು.

ಈ ನಿತ್ಯಸ್ಪರ್ಶದಿಂದ ಮತ್ತೊಂದು ದೊಡ್ಡ ಪ್ರಯೋಜನವಿದೆ. ಮರಿಯಾಗಿದ್ದಾಗಿನಿಂದ ಮೈ ಮುಟ್ಟಿಸಿಕೊಂಡ ನಾಯಿಯು ಚುಚ್ಚುಮದ್ದಿಗೂ ಸುಲಭವಾಗಿ ಒಳಪಡುತ್ತದೆ. ಹುಚ್ಚುನಾಯಿ ರೋಗದ ಲಕ್ಷಣಗಳು ತೋರಿದ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಬದುಕುವುದು ಇಲ್ಲವೆನ್ನುವಷ್ಟು ವಿರಳ, ಲಸಿಕೆಯೇ ರಕ್ಷೆ. ಮೈಶುದ್ಧಿಯು ಲಸಿಕೆಗೆ ಬದಲಲ್ಲ, ಅದಕ್ಕೆ ದಾರಿ. ನಾಯಿ ಕಚ್ಚಿದಲ್ಲಿ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು.

ಕಾಳಿಯ ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವನು ಉಣ್ಣಬಾರದೆಂದು ಆತಕೂರಿನ ಶಾಸನವು ವಿಧಿಸುತ್ತದೆ. ಸತ್ತ ನಾಯಿಗೆ ಸಲ್ಲಿಸಬೇಕಾದ ನಿತ್ಯಕರ್ಮವದು. ಬದುಕಿರುವ ನಾಯಿಗೆ ನಾವು ಸಲ್ಲಿಸಬೇಕಾದುದು ಇನ್ನೂ ಅಲ್ಪ: ದಿನಕ್ಕೆ ಹತ್ತು ನಿಮಿಷ, ಒಂದು ಬಾಚಣಿಗೆ, ಎಚ್ಚರವುಳ್ಳ ಎರಡು ಕೈಗಳು.