ತೆರೆಯ ಚಿತ್ರ: ಬೇಕಾದಷ್ಟೇ ಹಿಡಿಯುವುದು ಲೇಸು

ಕಚೇರಿಗಳಲ್ಲಿ ಗಣಕಯಂತ್ರದ ಮುಂದೆ ದುಡಿಯುವ ನಮ್ಮ ಗುಮಾಸ್ತ ಬಂಧುಗಳಿಗೂ, ಹೋಟೆಲುಗಳ ಗಲ್ಲಾದಲ್ಲಿ ಕುಳಿತು ಲೆಕ್ಕ ನೋಡುವ ಸೋದರರಿಗೂ ಒಂದು ಸಂಕಟ ಸಾಮಾನ್ಯವಾದುದು. ತೆರೆಯ ಮೇಲೆ ಯಾವುದೋ ದೋಷದ ಸೂಚನೆ ಮೂಡುತ್ತದೆ. ಮೇಲಿನವರು ಬಂದು ನೋಡುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ತಪ್ಪು ಯಂತ್ರದ್ದಾದರೂ ಅಪವಾದ ಕೆಲಸಗಾರನ ತಲೆಗೆ ಬರುತ್ತದೆ. ಇಂತಹ ವೇಳೆಯಲ್ಲಿ ಬಾಯಿಮಾತಿಗಿಂತ ತೆರೆಯ ಚಿತ್ರ, ಅರ್ಥಾತ್ ಸ್ಕ್ರೀನ್‌ಶಾಟ್, ಹೆಚ್ಚು ನೆರವಿಗೆ ಬರುತ್ತದೆ. ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯಲ್ಲಿ ಅದನ್ನು ತೆಗೆಯುವ ಕ್ರಮವನ್ನೂ, ವಹಿಸಬೇಕಾದ ಎಚ್ಚರವನ್ನೂ ವಾಚಕರ ಮುಂದಿಡುತ್ತೇವೆ.

ಕೀಲಿಮಣೆಯಲ್ಲಿ 'ಪ್ರಿಂಟ್ ಸ್ಕ್ರೀನ್' ಎಂಬ ಕೀಲಿಯುಂಟು. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯಲ್ಲಿ ಅದು ಹೆಸರಿಗೆ ತಕ್ಕಂತೆ ತೆರೆಯ ಮೇಲಿನ ಅಕ್ಷರಗಳನ್ನು ಪ್ರಿಂಟರಿಗೆ ಕಳುಹಿಸುತ್ತಿತ್ತು. ಈಗ ಅದಕ್ಕೆ ಕಾಗದ ಬೇಡ. 2022ರಲ್ಲಿ ಬಂದ ಗ್ನೋಮ್ 42 ಹಾಗೂ ಅನಂತರದ ಗ್ನೋಮ್ ಇರುವ ಉಬುಂಟು ಮೊದಲಾದ ವ್ಯವಸ್ಥೆಗಳಲ್ಲಿ ಈ ಕೀಲಿಯನ್ನು ಒತ್ತಿದೊಡನೆ ಮೂರು ಆಯ್ಕೆಗಳು ಕಾಣುತ್ತವೆ: ಗೆರೆ ಎಳೆದು ಗುರುತಿಸಿದ ಭಾಗ, ಇಡೀ ತೆರೆ, ಒಂದೇ ಕಿಟಕಿ. ಬೇಕಾದುದನ್ನು ಆರಿಸಿ ಎಂಟರ್ ಒತ್ತಿದರೆ ಕೆಲಸವಾಯಿತು. ಆಲ್ಟ್ ಕೀಲಿಯೊಡನೆ ಒತ್ತಿದರೆ ಬಳಕೆಯಲ್ಲಿರುವ ಕಿಟಕಿಯೂ, ಶಿಫ್ಟ್ ಕೀಲಿಯೊಡನೆ ಒತ್ತಿದರೆ ಇಡೀ ತೆರೆಯೂ ನೇರವಾಗಿ ಚಿತ್ರವಾಗುತ್ತದೆ. ಕಡತವು 'ಪಿಕ್ಚರ್ಸ್' ಎಂಬುದರೊಳಗಿನ 'ಸ್ಕ್ರೀನ್‌ಶಾಟ್ಸ್' ಎಂಬಲ್ಲಿ ಸೇರುತ್ತದೆ. ತಾರೀಖು, ವೇಳೆಗಳು ಕಡತದ ಹೆಸರಿನಲ್ಲೇ ಇರುವುದರಿಂದ, ದೋಷ ಎಂದು ಕಂಡಿತೆಂಬುದನ್ನು ನೆನಪಿಟ್ಟುಕೊಳ್ಳುವ ಶ್ರಮ ತಪ್ಪುತ್ತದೆ.

ಕೆ.ಡಿ.ಇ. ಎಂಬ ಇನ್ನೊಂದು ಪರಿಸರದಲ್ಲಿ ಈ ಕಾರ್ಯಕ್ಕೆ ಸ್ಪೆಕ್ಟಕಲ್ ಎಂಬ ತಂತ್ರಾಂಶವಿದೆ. ಕೀಲಿ ಒತ್ತುವಷ್ಟರಲ್ಲಿ ಮುಚ್ಚಿಹೋಗುವ ಪಟ್ಟಿಯನ್ನು ಹಿಡಿಯಬೇಕಾದಾಗ ಅದರಲ್ಲಿ ಐದಾರು ಸೆಕೆಂಡುಗಳ ವಿಳಂಬವನ್ನು ನಿಗದಿಮಾಡಿ, ಆ ಅವಧಿಯಲ್ಲಿ ಪಟ್ಟಿಯನ್ನು ತೆರೆದಿಟ್ಟುಕೊಳ್ಳಬಹುದು. ಅಕ್ಷರಗಳಿರುವ ಚಿತ್ರವನ್ನು ಪಿ.ಎನ್.ಜಿ. ರೂಪದಲ್ಲಿಯೇ ಉಳಿಸುವುದು ಉತ್ತಮ, ಜೆ.ಪಿ.ಇ.ಜಿ. ರೂಪದಲ್ಲಿ ಅಕ್ಷರಗಳ ಅಂಚು ಮಸುಕಾಗುವ ಸಂಭವವಿದೆ.

ಹೊಸ ವ್ಯವಸ್ಥೆಗಳಲ್ಲಿ ಕೆಲವು ತಂತ್ರಾಂಶಗಳು ಚಿತ್ರ ತೆಗೆಯುವ ಮೊದಲು ನಮ್ಮ ಅನುಮತಿ ಕೇಳುತ್ತವೆ. ಇದು ಕಿರಿಕಿರಿಯೆಂದು ಹಲವರು ಗೊಣಗುವುದುಂಟು. ಕಾರಣವನ್ನು ತಿಳಿದರೆ ಗೊಣಗಾಟ ನಿಂತೀತು. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ಎಕ್ಸ್ ಎಂಬ ಹಳೆಯ ಪದ್ಧತಿಯಲ್ಲಿ ಒಂದು ತಂತ್ರಾಂಶವು ಮಿಕ್ಕೆಲ್ಲ ಕಿಟಕಿಗಳನ್ನೂ ಕೇಳದೆಯೇ ಇಣಿಕಿ ನೋಡಬಹುದಾಗಿತ್ತು. 2008ರಲ್ಲಿ ಆರಂಭವಾದ ವೇಲ್ಯಾಂಡ್ ಪದ್ಧತಿಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಬಾಗಿಲಲ್ಲಿ ಕಾವಲುಗಾರ ನಿಂತು ವಿಚಾರಿಸಿದರೆ ಮನೆಯವರು ಸಿಟ್ಟಾಗುವುದು ತರವಲ್ಲ.

ಆದರೆ ಕಾವಲುಗಾರನು ಕಳ್ಳನನ್ನು ತಡೆದಾನೇ ಹೊರತು, ನಾವೇ ಕೈಯಾರೆ ಹೊರಗೆ ಕೊಟ್ಟುದನ್ನು ತಡೆಯಲಾರ. ಇಡೀ ತೆರೆಯ ಚಿತ್ರ ತೆಗೆದು ಕಳುಹಿಸಿದಾಗ, ದೋಷದ ಸೂಚನೆಯ ಪಕ್ಕದಲ್ಲಿದ್ದ ಗಿರಾಕಿಯ ದೂರವಾಣಿ ಸಂಖ್ಯೆ, ಬ್ಯಾಂಕಿನ ಖಾತೆ, ಸಹೋದ್ಯೋಗಿಯ ಸಂಬಳ, ನಮ್ಮ ಸ್ವಂತ ಪತ್ರ ಎಲ್ಲವೂ ಅದರೊಡನೆ ಹೋಗುತ್ತವೆ. ಹೋದ ಚಿತ್ರವನ್ನು ಹಿಂದಕ್ಕೆ ತರುವುದು ಸುಲಭಸಾಧ್ಯವಲ್ಲ. ಆದುದರಿಂದ ಬೇಕಾದ ಭಾಗವನ್ನಷ್ಟೇ ಗುರುತಿಸಿ ಹಿಡಿಯುವುದು ಲೇಸು. ಮುಚ್ಚಲೇಬೇಕಾದ ಅಂಕೆಗಳಿದ್ದರೆ ಅವನ್ನು ಮಸುಕುಗೊಳಿಸಿದರೆ ಸಾಲದು. ಅವುಗಳ ಮೇಲೆ ಗಟ್ಟಿಯಾದ ಕಪ್ಪು ಚೌಕ ಹಾಕತಕ್ಕದ್ದು. ಮಸುಕಾದ ಅಂಕೆಗಳನ್ನು ಊಹಿಸಿ ಓದುವ ಉಪಾಯಗಳುಂಟು.

ಇನ್ನೊಂದು ಮಾತು ಗಲ್ಲಾದ ಸೋದರರಿಗೆ. ಚಿತ್ರವನ್ನು ತೆಗೆಯುವುದೆಷ್ಟು ಸುಲಭವೋ ತಿದ್ದುವುದೂ ಅಷ್ಟೇ ಸುಲಭ. ಗಿರಾಕಿಯು ಹಣ ಸಂದಾಯವಾಯಿತೆಂದು ತೋರಿಸುವ ಚಿತ್ರವನ್ನು ಕಂಡ ಮಾತ್ರಕ್ಕೆ ಹಣ ಬಂದಂತಾಗಲಿಲ್ಲ. ನಮ್ಮ ಖಾತೆಗೆ ಜಮೆಯಾಗಿದೆಯೇ ಎಂದು ನೋಡಿಯೇ ಬಿಲ್ಲು ಚುಕ್ತಾ ಮಾಡತಕ್ಕದ್ದು. ನಾವು ಕೊಡುವ ಚಿತ್ರದ ವಿಷಯದಲ್ಲಿಯೂ ಇತರರು ಇದೇ ಎಚ್ಚರ ವಹಿಸಿದರೆ ಬೇಸರಪಡದೆ, ದಿನ ಮತ್ತು ವೇಳೆಯನ್ನು ತಿಳಿಸಿ, ಮೂಲ ಕಡತವನ್ನು ಅಳಿಸದೆ ಕಾದಿಡಬೇಕೆಂದು ನಮ್ಮ ವಿನಂತಿ.