ಸರ್ವರ್ ಕಾಯುವವರಿಗೆ ಕೋಡ್ ಯಾಕೆ?

ಸಿಸ್ಟಮ್ ಅಡ್ಮಿನ್ ಕೆಲಸಕ್ಕೆ ಹೋದರೆ ‘ಪೈಥಾನ್ ಬರುತ್ತಾ?’ ಎಂದು ಕೇಳುತ್ತಾರಲ್ಲ, ಅದು ಕ್ಲೌಡ್ ಕಾಲದ ಹೊಸ ಚಾಳಿ ಎಂದು ಗೊಣಗುವವರಿದ್ದಾರೆ. ಚಾಳಿ ಹಳೆಯದೇ. 1990ರ ದಶಕದಲ್ಲೇ ಅಮೆರಿಕದ ಅಡ್ಮಿನ್‌ಗಳ ಸಂಘ ‘ಸೇಜ್’ ಹುದ್ದೆವಾರು ಅರ್ಹತೆಗಳನ್ನು ಅಚ್ಚು ಹಾಕಿಸಿತ್ತು. ಕಿರಿಯರಿಗೆ ಸಣ್ಣಪುಟ್ಟ ಸ್ಕ್ರಿಪ್ಟ್ ಬರೆಯಲು ಬಂದರೆ ಒಳ್ಳೆಯದು. ಹಿರಿಯರಿಗೆ ಸಿ ಭಾಷೆಯ ಪ್ರೋಗ್ರಾಮನ್ನು ಒಂದು ಬಗೆಯ ಯಂತ್ರದಿಂದ ಇನ್ನೊಂದಕ್ಕೆ ಒಗ್ಗಿಸುವಷ್ಟು ತಿಳಿದಿರಬೇಕು ಎಂದು ಅದರಲ್ಲಿತ್ತು.

ಅಷ್ಟು ಹೊತ್ತಿಗೆ ಈ ವೃತ್ತಿಯ ಒಳಗಿಂದಲೇ ಒಂದು ಭಾಷೆ ಹುಟ್ಟಿಯೂ ಆಗಿತ್ತು. ಪ್ರೋಗ್ರಾಮರ್ ಲ್ಯಾರಿ ವಾಲ್ ದುಡಿಯುತ್ತಿದ್ದ ಪ್ರಾಜೆಕ್ಟಿನ ಕಂಪ್ಯೂಟರ್‌ಗಳು ಅಮೆರಿಕದ ಎರಡು ತುದಿಗಳಲ್ಲಿದ್ದವು. ನಡುವೆ ಇದ್ದದ್ದು 1200 ಬಾಡ್‌ನ ಆಮೆನಡಿಗೆಯ ಲೈನ್. ಎರಡೂ ಕಡೆಯ ಫೈಲ್‌ಗಳನ್ನು ಹೊಂದಿಸಿಡುವ ಏರ್ಪಾಟು ಮಾಡಿದ್ದಾಯಿತು. ಆಮೇಲೆ ಮ್ಯಾನೇಜರ್ ರಿಪೋರ್ಟ್ ಬೇಕೆಂದರು. ಮಾಹಿತಿ ಹಲವು ಫೈಲ್‌ಗಳಲ್ಲಿ ಚದುರಿತ್ತು, ಕೈಯಲ್ಲಿದ್ದ ‘ಆಕ್’ ಎಂಬ ಯುನಿಕ್ಸ್ ಸಲಕರಣೆ ಸಾಲಲಿಲ್ಲ. ಆ ಒಂದು ಕೆಲಸಕ್ಕಷ್ಟೇ ಏನೋ ಬರೆದು ಕೈತೊಳೆದುಕೊಳ್ಳಬಹುದಿತ್ತು. ವಾಲ್ ಭಾಷೆಯನ್ನೇ ಬರೆದರು. 1987ರ ಡಿಸೆಂಬರ್‌ನಲ್ಲಿ ಪರ್ಲ್ ಹೊರಬಂತು. ರಿಪೋರ್ಟ್ ಕೇಳುವ ಮ್ಯಾನೇಜರ್‌ಗಳಿಂದಲೂ ಲೋಕಕ್ಕೆ ಉಪಕಾರವಾಗುವುದುಂಟು!

ಆದರೂ ಆಗ ಸ್ಕ್ರಿಪ್ಟ್ ಬರುವುದು ಅನುಕೂಲವಷ್ಟೆ, ಬಾರದವರ ಸಂಸಾರವೂ ಸಾಗುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಲೆಕ್ಕ ಬದಲಾಯಿತು. 1993ರಲ್ಲಿ ಆಸ್ಲೋದಲ್ಲಿದ್ದ ಭೌತವಿಜ್ಞಾನಿ ಮಾರ್ಕ್ ಬರ್ಜೆಸ್, ಒಂದೊಂದು ಯುನಿಕ್ಸ್‌ಗೂ ಒಂದೊಂದು ಸ್ಕ್ರಿಪ್ಟ್ ಬರೆಯುವ ಗೋಳಿನಿಂದ ಪಾರಾಗಲು ಸಿಎಫ್‌ಎಂಜಿನ್ ಕಟ್ಟಿದರು. ಯಂತ್ರ ಹೇಗಿರಬೇಕೆಂದು ಬರೆದಿಟ್ಟರೆ ಸಾಕು, ಆ ಸ್ಥಿತಿಗೆ ತರುವುದು ತಂತ್ರಾಂಶದ ಪಾಲಿನ ಕೆಲಸ. ಪಪೆಟ್, ಆ್ಯನ್ಸಿಬಲ್‌ನಂಥ ತಂತ್ರಾಂಶಗಳೆಲ್ಲ ಆ ದಾರಿಯಲ್ಲೇ ಬಂದವು. 2003ರಲ್ಲಿ ಗೂಗಲ್‌ನ ಬೆನ್ ಟ್ರೇನರ್ ಸ್ಲಾಸ್ ಸರ್ವರ್ ನೋಡಿಕೊಳ್ಳುವ ಹೊಣೆಯನ್ನು ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಒಪ್ಪಿಸಿದರು. ಟಿಕೆಟ್, ಆನ್‌ಕಾಲ್, ಕೈಕೆಲಸ ಎಲ್ಲ ಸೇರಿ ಅರ್ಧ ಸಮಯವನ್ನು ಮೀರಕೂಡದು, ಉಳಿದದ್ದರಲ್ಲಿ ಕೋಡ್ ಬರೆಯಬೇಕು ಎಂಬುದು ಅಲ್ಲಿಯ ನಿಯಮವಾಯಿತು. 2006ರಲ್ಲಿ ಅಮೆಜಾನ್ ಇಸಿ2 ಎಂಬ ಬಾಡಿಗೆ ಸರ್ವರ್ ಸೇವೆ ತಂದ ಮೇಲಂತೂ ಸರ್ವರ್ ಕೂಡ ನಾಲ್ಕು ಸಾಲು ಕೋಡಿಗೆ ಎದ್ದು ನಿಲ್ಲುವಂತಾಯಿತು.

ಇದರ ಬಿಸಿ ಬೆಂಗಳೂರಿನ ರಾತ್ರಿ ಪಾಳಿಗೂ ತಟ್ಟಿತು. ದೂರದೇಶದ ಸರ್ವರ್ ನೋಡಿಕೊಳ್ಳುವ ಎಲ್1, ಅಂದರೆ ಮೊದಲ ಹಂತದ ಹುದ್ದೆಯವರು ರನ್‌ಬುಕ್ ಎಂಬ ಕೈಪಿಡಿಯ ಹೆಜ್ಜೆಗಳನ್ನು ಒಂದೊಂದಾಗಿ ಪಾಲಿಸುತ್ತಾರೆ. ಸ್ಕ್ರಿಪ್ಟಿಗೆ ಮೊದಲು ತುತ್ತಾಗುವುದು ಅಂಥ ಹೆಜ್ಜೆಗಳೇ.

ಹಾಗೆಂದು ಅಡ್ಮಿನ್ ಹುದ್ದೆಗೆ ಬಂದವರನ್ನು ಕೂರಿಸಿ ಅಲ್ಗಾರಿದಮ್ ಒಗಟು ಬಿಡಿಸಲು ಹೇಳುವುದು ನನಗೆ ಶುದ್ಧ ಶೋಕಿಯಾಗಿ ಕಾಣುತ್ತದೆ. ಲಿನಕ್ಸ್ ಇಂಟರ್‌ವ್ಯೂಗಳಲ್ಲಿ ಓಡಾಡುವ ಹಳೆಯ ಪ್ರಶ್ನೆಯೊಂದು ಅದಕ್ಕಿಂತ ವಾಸಿ: ‘ಡಿಎಫ್’ ಕಮಾಂಡ್ ಡಿಸ್ಕ್ ಭರ್ತಿ ಎನ್ನುತ್ತದೆ, ‘ಡಿಯು’ ಕಮಾಂಡ್ ಫೈಲ್‌ಗಳನ್ನು ಕೂಡಿಸಿದರೆ ಅರ್ಧವೂ ಇಲ್ಲ, ಜಾಗ ಎಲ್ಲಿ ಹೋಯಿತು? ಯಾರೋ ದೊಡ್ಡ ಲಾಗ್ ಫೈಲನ್ನು ಅಳಿಸಿದ್ದಾರೆ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಮ್ ಇನ್ನೂ ಓಡುತ್ತಿದೆ. ಅದು ಕೈಬಿಡುವ ತನಕ ಜಾಗ ಬಿಡುಗಡೆಯಾಗದು. ಇದನ್ನು ಹೇಳಲು ಒಂದು ಸಾಲು ಕೋಡೂ ಬೇಡ, ಯಂತ್ರದ ನಾಡಿ ಗೊತ್ತಿದ್ದರೆ ಸಾಕು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರಬೇಕು: ಇನ್ನೂರು ಸರ್ವರ್‌ಗಳಲ್ಲಿ ಎಲ್ಲೆಲ್ಲಿ ಹೀಗಾಗಿದೆ, ಊಟದ ಹೊತ್ತಿಗೆ ಪಟ್ಟಿ ಕೊಡ್ತೀರಾ?