ಹಳೇ ಜೀಪಿನ ಗಟ್ಟಿ ಆಯಸ್ಸು

ಮಲೆನಾಡಿನ ಡೀಸೆಲ್ ಜೀಪುಗಳನ್ನು ಇಂದಿಗೂ ಗುಡ್ಡ ಹತ್ತಿಸುತ್ತಿರುವ ಗ್ಯಾರೇಜು ವಿದ್ಯೆಯ ಪರಿಚಯ

ಕೊಡಚಾದ್ರಿಯ ಎತ್ತರ 1,343 ಮೀಟರ್. ಕೊಲ್ಲೂರಿನಿಂದ ನಿಟ್ಟೂರು ಬಳಸಿ ಬೆಟ್ಟ ಹತ್ತುವ ದಾರಿಯ ಕೊನೆಯ ಭಾಗವನ್ನು ರಸ್ತೆ ಎಂದು ಕರೆಯಲು ಧೈರ್ಯ ಬೇಕು. ಮಳೆ ಕೊರೆದ ಕೊರಕಲು, ಉರುಳುವ ಕಲ್ಲು, ಜಾರುವ ಕೆಮ್ಮಣ್ಣು. ಅಲ್ಲಿ ಜನರನ್ನು ತುಂಬಿಕೊಂಡು ಏದುಸಿರು ಬಿಡುತ್ತಾ ಏರುವ ಜೀಪುಗಳಲ್ಲಿ ಅನೇಕವು ಹಳೆಯವೇ. ಮಡಿಕೇರಿ ಬಳಿಯ ಮಾಂದಲಪಟ್ಟಿಗೂ ಇದೇ ಮಾತು. ಕಾಫಿ ತೋಟಗಳಲ್ಲಂತೂ ಹಣ್ಣಿನ ಚೀಲ, ಗೊಬ್ಬರ, ಕೆಲಸದವರು, ಮಳೆಗಾಲದ ರಾತ್ರಿ ಆಸ್ಪತ್ರೆಗೆ ಹೊರಟ ರೋಗಿ ಎಲ್ಲರಿಗೂ ಜೀಪೇ ಗತಿ.

ಎಂಎಂ 540, 550, ಮೇಜರ್, ಕಮಾಂಡರ್ ಎಂಬ ಈ ಮಹೀಂದ್ರಾ ಮಾದರಿಗಳು ಷೋರೂಮಿನಿಂದ ಮರೆಯಾಗಿ ಕಾಲವಾಯಿತು. ಇವುಗಳನ್ನು ಉಳಿಸಿಕೊಂಡಿರುವುದು ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಯಂಥ ಊರುಗಳ ಗ್ಯಾರೇಜುಗಳು. ಅಲ್ಲಿನ ವಿದ್ಯೆಗೆ ಪಠ್ಯಪುಸ್ತಕವಿಲ್ಲದಿದ್ದರೂ ಮೊದಲ ಪಾಠವೊಂದಿದೆ: ಜೀಪಿನ ಒಂದು ಭಾಗಕ್ಕೆ ಬಲ ಕೊಟ್ಟರೆ ಪೆಟ್ಟು ಮುಂದಿನ ದುರ್ಬಲ ಭಾಗದ ಮೇಲೆ ಬೀಳುತ್ತದೆ. ಆ ಮುಂದಿನ ಭಾಗ ಯಾವುದೆಂದು ಮೊದಲೇ ಬಲ್ಲವನೇ ಮೇಸ್ತ್ರಿ.

ಎರಡು ಎಂಜಿನ್, ಎರಡು ಸ್ವಭಾವ

1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಬಿಡಿಭಾಗಗಳಲ್ಲಿ ತರಿಸಿ ಜೋಡಿಸತೊಡಗಿದಾಗ ಅವೆಲ್ಲ ಪೆಟ್ರೋಲ್ ಗಾಡಿಗಳು. ಪೆಟ್ರೋಲ್ ತುಟ್ಟಿಯಾದಂತೆ ಡೀಸೆಲ್ ಬೇಕಾಯಿತು. ಟ್ರಾಕ್ಟರಿನ ಎಂಜಿನ್ನೇ ಜೀಪಿನ ಹೊಟ್ಟೆ ಸೇರಿದ ಕಾಲವೂ ಉಂಟು. ಆಮೇಲೆ ಬಂದವುಗಳಲ್ಲಿ ಎರಡರ ಹೆಸರು ಗ್ಯಾರೇಜುಗಳಲ್ಲಿ ಈಗಲೂ ದಿನವೂ ಕೇಳುತ್ತದೆ: ‘ಪ್ಯೂಜೊ’ ಮತ್ತು ‘ಡಿಐ’.

ಫ್ರಾನ್ಸ್ ಮೂಲದ ಪ್ಯೂಜೊ ಎಂಜಿನ್ನಿನ ಪೂರ್ಣ ಹೆಸರು ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್ ಎಂಬುದು ಆ ಹೆಸರಲ್ಲೇ ಅಡಗಿದೆ. ಸ್ಟ್ರೋಕ್ 83 ಮಿ.ಮೀ., ಗಾತ್ರ 2,112 ಸಿಸಿ. ಇದರಲ್ಲಿ ಡೀಸೆಲ್ ಮೊದಲು ಹೆಡ್‌ನೊಳಗಿನ ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಬಳಿಕ ಸಿಲಿಂಡರಿಗೆ ನುಗ್ಗುತ್ತದೆ. ಹಾಗಾಗಿ ಸದ್ದು ಕಡಿಮೆ, ಓಟ ನಯ; ಚಳಿಯ ಬೆಳಗ್ಗೆ ಮಾತ್ರ ಹೀಟರ್ ಪ್ಲಗ್ ಕಾಯದೆ ಸ್ಟಾರ್ಟ್ ಆಗದು. 2,523 ಸಿಸಿಯ ಡಿಐನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆ ಸಿಡಿಯುತ್ತದೆ. ಬೋರ್ 88.9 ಮಿ.ಮೀ. ಇದ್ದರೆ ಸ್ಟ್ರೋಕ್ 101.6 ಮಿ.ಮೀ. ಈ ಉದ್ದ ಸ್ಟ್ರೋಕ್‌ನಿಂದಾಗಿ ಅದು ಹೆಚ್ಚು ಸುತ್ತದೆಯೇ ಎಳೆಯುತ್ತದೆ. ಗಡಗಡ ಸದ್ದು ಜಾಸ್ತಿ, ಡೀಸೆಲ್ ಖರ್ಚು ಕಮ್ಮಿ. ತೋಟದವರು ಡಿಐ ಮೆಚ್ಚುವುದು ಇದಕ್ಕೇ.

ಹೊಗೆ ನೋಡಿ ರೋಗ ಹೇಳುವುದು

ಇವುಗಳಲ್ಲಿ ಕಂಪ್ಯೂಟರಿಲ್ಲ. ರೋಗವನ್ನು ಕಣ್ಣು, ಕಿವಿ, ಮೂಗಿನಿಂದಲೇ ಹಿಡಿಯಬೇಕು. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ. ಮೊದಲು ಏರ್ ಫಿಲ್ಟರ್ ಬಿಚ್ಚಬೇಕು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗ್ ಸವೆದಿರಬಹುದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಸೇರುತ್ತಿದೆ.

ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಕೆಮ್ಮಿ ನಿಂತರೆ ಮಲೆನಾಡಿನ ಡ್ರೈವರಿನ ಮೊದಲ ಅನುಮಾನ ‘ಏರ್ ಹಿಡಿದಿದೆ’ ಎಂಬುದು. ಡೀಸೆಲ್ ಲೈನಿನಲ್ಲಿ ಗಾಳಿಗುಳ್ಳೆ ಸೇರಿದರೆ ಪಂಪಿನ ಒತ್ತಡವೆಲ್ಲ ಅದನ್ನು ಹಿಸುಕುವುದರಲ್ಲೇ ಕಳೆದುಹೋಗುತ್ತದೆ, ಡೀಸೆಲ್ ಚಿಮ್ಮಿಸುವ ನಾಝಲ್ ತೆರೆಯುವುದಿಲ್ಲ. ಫಿಲ್ಟರಿನ ಬೋಲ್ಟ್ ಸಡಿಲಿಸಿ, ಕೈಪಂಪು ಒತ್ತುತ್ತಾ ನೊರೆ ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಬಿಟ್ಟು, ಬೋಲ್ಟ್ ಬಿಗಿದರೆ ಅರ್ಧ ಕೆಲಸ ಮುಗಿಯಿತು. ಗಾಳಿ ಒಳಬಂದ ತೂತು ಹುಡುಕುವುದು ಉಳಿದರ್ಧ. ಸೀಳಿದ ರಬ್ಬರ್ ಪೈಪು, ಸವೆದ ತಾಮ್ರದ ವಾಷರು ಸಾಮಾನ್ಯ ಕಳ್ಳರು.

ಪಂಪು, ನಾಝಲ್ಲುಗಳ ರಿಪೇರಿ ಮಾತ್ರ ಎಲ್ಲರಿಗೂ ದಕ್ಕುವ ವಿದ್ಯೆಯಲ್ಲ. ಅದಕ್ಕೆ ಟೆಸ್ಟ್ ಬೆಂಚ್ ಇರುವ ಪಂಪ್ ಸರ್ವಿಸ್ ಅಂಗಡಿಯೇ ಬೇಕು. ಅಲ್ಲಿನ ಹಳಬರ ಬಾಯಲ್ಲಿ ಇವತ್ತಿಗೂ ಅದು ‘ಮೈಕೊ ಪಂಪು’. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಾರ್ಖಾನೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜು ಆ ಬದಲಾವಣೆಯನ್ನು ಒಪ್ಪಿಕೊಂಡಂತಿಲ್ಲ.

ಫೋರ್‌ವೀಲ್ ಯಾವಾಗ, ಯಾಕೆ?

ಹಳೆಯ ಜೀಪಿನಲ್ಲಿ ಗೇರಿನ ಪಕ್ಕ ಇನ್ನೆರಡು ಸಣ್ಣ ಲಿವರುಗಳಿರುತ್ತವೆ. ಒಂದು ಮುಂದಿನ ಚಕ್ರಗಳಿಗೂ ಬಲ ಕೊಡುತ್ತದೆ, ಇನ್ನೊಂದು ‘ಲೋ’ಗೆ ಹಾಕುತ್ತದೆ. ಲೋದಲ್ಲಿ ವೇಗ ತಗ್ಗಿ ಎಳೆತ ಸುಮಾರು ಎರಡೂವರೆ ಪಟ್ಟಾಗುತ್ತದೆ. ಆದರೆ ಫೋರ್‌ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಉರುಳಬೇಕು, ಹಿಂದಿನದು ಕಡಿಮೆ. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲ. ಆ ತಿರುಚು ಶಾಫ್ಟ್, ಅದರ ಕೀಲಾದ ಕ್ರಾಸ್, ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಡಾಂಬರು ಸಿಕ್ಕ ಕೂಡಲೇ ಫೋರ್‌ವೀಲ್ ತೆಗೆಯಿರಿ ಎಂದು ಮೇಸ್ತ್ರಿಗಳು ಗದರುವುದು ಅದಕ್ಕೆ.

ಹಾಗೆಂದು ನಾಲ್ಕು ಚಕ್ರಕ್ಕೆ ಬಲ ಸಿಕ್ಕಿತೆಂದು ಗೆದ್ದಂತಲ್ಲ. ಡಿಫರೆನ್ಷಿಯಲ್ ಎಂಬುದು ನಿಷ್ಪಕ್ಷಪಾತಿ: ಹಿಡಿತ ತಪ್ಪಿದ ಚಕ್ರ ಸುಲಭವಾಗಿ ತಿರುಗಿದರೆ ನೆಲ ಕಚ್ಚಿದ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಕೊಡುತ್ತದೆ. ಮುಂದೊಂದು, ಹಿಂದೊಂದು ಚಕ್ರ ಅಂತರದಲ್ಲಿ ನಿಂತರೆ ಗಾಡಿ ನಿಂತಲ್ಲೇ ಗಿರಕಿ. ಇದಕ್ಕೆ ಮಲೆನಾಡು ಕಂಡುಕೊಂಡ ಅಗ್ಗದ ಪರಿಹಾರ ಟೈರಿಗೆ ಸುತ್ತುವ ಕಬ್ಬಿಣದ ಚೈನು. ಜೂನ್ ಬಂತೆಂದರೆ ಅದು ಸೀಟಿನ ಅಡಿಯಿಂದ ಹೊರಬರುತ್ತದೆ.

ಅಂದ ಹೆಚ್ಚಿಸುವ ಮೊದಲು

ಪಟ್ಟಣದ ಹುಡುಗರು ಜೀಪು ಕೊಂಡ ಮರುದಿನವೇ ದೊಡ್ಡ ಟೈರು ಕೇಳುತ್ತಾರೆ. 28 ಅಂಗುಲದ ಟೈರ್ ತೆಗೆದು 31 ಅಂಗುಲದ್ದು ಹಾಕಿದರೆ ಏನಾಗುತ್ತದೆ? ಒಂದು ಸುತ್ತಿಗೆ ಗಾಡಿ ಸುಮಾರು ಶೇ 11ರಷ್ಟು ಹೆಚ್ಚು ದೂರ ಹೋಗುತ್ತದೆ. ಮೀಟರು 40 ತೋರಿಸುವಾಗ ನಿಜವಾದ ವೇಗ 44. ಅದೇ ಪ್ರಮಾಣದಲ್ಲಿ ಏರಿನಲ್ಲಿ ಎಳೆತ ಕುಗ್ಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ಗಾಡಿಯನ್ನು ಎತ್ತರಿಸಲು ಕಮಾನು ಪಟ್ಟಿಗೆ ಉದ್ದ ಶ್ಯಾಕಲ್ (ಕೊಂಡಿ) ಹಾಕಿದರೆ ಶಾಫ್ಟಿನ ಕೋನ ಬದಲಾಗಿ ಕ್ರಾಸ್ ಬೇಗ ಸವೆಯುತ್ತದೆ. ಟರ್ಬೊ ಕೂರಿಸಿದರೆ ಬಿಸಿ ಹೆಚ್ಚಿ ರೇಡಿಯೇಟರ್, ಗ್ಯಾಸ್ಕೆಟ್, ಕ್ಲಚ್ ಸಾಲುಸಾಲಾಗಿ ದೂರು ಹೇಳುತ್ತವೆ.

ಕೆಲವು ಮಾರ್ಪಾಡು ಮಾತ್ರ ಬದುಕಿಗೆ ಬೇಕಾದವು. ಕೆಸರು, ನೀರು ತುಂಬಿ ಕೈಕೊಡುವ ಡ್ರಮ್ ಬ್ರೇಕಿಗೆ ಬದಲಾಗಿ ಮುಂದೆ ಡಿಸ್ಕ್, ಜೊತೆಗೆ ಬೂಸ್ಟರ್. ಭಾರ ಹೊರುವ ಗಾಡಿಗೆ ಪವರ್ ಸ್ಟಿಯರಿಂಗ್. ಹಳ್ಳ ದಾಟುವವರಿಗೆ ಗಾಳಿಕೊಳವೆಯನ್ನು ಮೇಲೆತ್ತುವ ಸ್ನಾರ್ಕೆಲ್. ಕಿಡಿಯ ಹಂಗಿಲ್ಲದ ಡೀಸೆಲ್ ಎಂಜಿನ್ ನೀರಿಗೆ ಹೆದರದು, ಆದರೆ ಗಾಳಿಯ ದಾರಿಯಲ್ಲಿ ನೀರು ನುಗ್ಗಿದರೆ ಕಥೆ ಮುಗಿದಂತೆ. ನೀರನ್ನು ಹಿಸುಕಲಾಗದೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಎಂಜಿನ್ ಬದಲಿಸುವುದಿದ್ದರೆ ಆರ್‌ಟಿಒ ಒಪ್ಪಿಗೆ ಮೊದಲು, ಸ್ಪ್ಯಾನರ್ ಆಮೇಲೆ. ಖಾಸಗಿ ಗಾಡಿಯ ನೋಂದಣಿ 15 ವರ್ಷ ದಾಟಿದರೆ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು.

ಹಳೇ ಜೀಪು ಕೊಳ್ಳುವ ಆಸೆಯಿದ್ದರೆ ದುಡ್ಡು ಸುರಿಯುವ ಕ್ರಮ ಹೀಗಿರಲಿ: ಮೊದಲು ಬ್ರೇಕು, ಆಮೇಲೆ ರೇಡಿಯೇಟರು, ಬಳಿಕ ಸ್ಟಿಯರಿಂಗು ಮತ್ತು ಕಮಾನು ಪಟ್ಟಿ, ನಂತರ ಪಂಪು, ನಾಝಲ್. ಚಾಸಿಯ ತುಕ್ಕನ್ನು ಕೊಳ್ಳುವ ಮುನ್ನವೇ ಸುತ್ತಿಗೆಯಲ್ಲಿ ತಟ್ಟಿ ನೋಡಿ. ಇಷ್ಟು ಮುಗಿದ ಮೇಲೂ ಜೇಬಿನಲ್ಲಿ ಕಾಸು ಉಳಿದಿದ್ದರೆ ದೊಡ್ಡ ಟೈರಿನ ಮಾತು. ಬಹುತೇಕರಿಗೆ ಉಳಿಯುವುದಿಲ್ಲ. ಅಷ್ಟರಲ್ಲಿ ಅದು ಬೇಕೆಂದೂ ಅನಿಸುವುದಿಲ್ಲ.